ಆಯಿತಾ? ಆಯಿತು!

ನಿನ್ನೆ ರಾತ್ರಿ ಒಂಬತ್ತೂಮುಕ್ಕಾಲು. ಮಗಳ ಕೋಣೆಯ ದೀಪ ಆರಿಸಿ, ಹೊದಿಕೆ ಹೊದಿಸಿ, ಕಥೆಯನ್ನೂ ಹೇಳಿ ಮುಗಿಸಿ, ಇನ್ನು ಉಳಿದ ದಿನವಾದರೂ ನನ್ನದು ಎಂದು ಕಾಲು ಚಾಚಿ ಕುಳಿತಿದ್ದೆ. ನಾಲ್ಕನೆಯ ತರಗತಿಯ ಆ ಮಗಳು ಹಾಸಿಗೆಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. ಒಂದು ಪಾದದ ಮೇಲೆ ಇನ್ನೊಂದು ಪಾದ. ಈ ಭಂಗಿಯನ್ನು ನಾನು ಬಲ್ಲೆ. ಇದು ಕುಡಿಯಲು ನೀರು ಕೇಳುವ ಭಂಗಿಯಲ್ಲ.

“ಅಪ್ಪಾ, ಗಣಿತದಲ್ಲಿ ಎಂಟು ಲೆಕ್ಕ ಇದೆ.”

“ಯಾವತ್ತಿಗೆ?”

“ನಾಳೆಗೆ.”

“ಸಂಜೆ ಆರು ಗಂಟೆಗೇ ಆಯಿತು ಎಂದೆಯಲ್ಲ!”

ತಪ್ಪು ಮಾಡಿದವರ ಅಳುಕು ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ದಡ್ಡನಿಗೆ ಪಾಠ ಹೇಳುವವರ ತಾಳ್ಮೆ ಮಾತ್ರ ಇತ್ತು. “ನೀನು ಹೋಮ್‌ವರ್ಕ್ ಮಾಡು ಎಂದೆ. ನಾನು ಆಯಿತು ಎಂದೆ. ಮಾಡಿ ಆಯಿತು ಎಂದೆನಾ?”

ಇಲ್ಲ, ಹಾಗೆ ಹೇಳಿರಲಿಲ್ಲ. ನ್ಯಾಯಾಲಯಕ್ಕೆ ಹೋದರೂ ಅವಳೇ ಗೆಲ್ಲುತ್ತಾಳೆ.

ಈ ಕನ್ನಡದಲ್ಲಿ ನನಗೆ ಇದೊಂದೇ ತಕರಾರು. ಜಗತ್ತಿನಲ್ಲಿ ಎಷ್ಟೋ ಭಾಷೆಗಳಲ್ಲಿ ‘ಮುಗಿಯಿತು’ ಎನ್ನುವುದಕ್ಕೆ ಒಂದು ಮಾತು, ‘ಸರಿ, ಮಾಡುತ್ತೇನೆ’ ಎನ್ನುವುದಕ್ಕೆ ಇನ್ನೊಂದು ಮಾತು ಇರುತ್ತದೆ. ನಾವು ಮಾತ್ರ ಧಾರಾಳಿಗಳು. ಎರಡಕ್ಕೂ ‘ಆಯಿತು’ ಎಂದು ಒಂದೇ ಮಾತನ್ನು ಹಂಚಿಬಿಟ್ಟಿದ್ದೇವೆ. ಕ್ರಿಯೆ ಇನ್ನೂ ಹುಟ್ಟಿಲ್ಲ, ಕ್ರಿಯಾಪದಕ್ಕೆ ಆಗಲೇ ಭೂತಕಾಲ! ಹದಿಮೂರನೆಯ ಶತಮಾನದಲ್ಲಿ ಕುಳಿತು ನಮ್ಮ ವ್ಯಾಕರಣವನ್ನು ಅಷ್ಟೊಂದು ಅಚ್ಚುಕಟ್ಟಾಗಿ ಹೇಳಿದ ಕೇಶಿರಾಜನ ಮನೆಯಲ್ಲಿ ನಾಲ್ಕನೆಯ ತರಗತಿಯ ಮಗು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಈ ಒಂದು ಮಾತಿಗೆ ಪ್ರತ್ಯೇಕ ಸೂತ್ರವನ್ನೇ ಬರೆದು, ಕೆಳಗೆ ‘ತಂದೆತಾಯಿಗಳು ಎಚ್ಚರ’ ಎಂದು ಸೇರಿಸುತ್ತಿದ್ದ.

ನನ್ನ ಮಗಳ ಬಾಯಲ್ಲಿ ಈ ಪದಕ್ಕೆ ಎರಡಲ್ಲ, ಕಡಿಮೆಯೆಂದರೂ ಐದು ಅರ್ಥಗಳಿವೆ. ಧ್ವನಿಯ ಮೇಲೆ ಗುರುತಿಸಬೇಕು. ಮೊದಲಕ್ಷರವನ್ನು ಎಳೆದು ‘ಆ...ಯಿತು’ ಎಂದರೆ ಪುಸ್ತಕ ಇನ್ನೂ ಚೀಲದಲ್ಲಿದೆ. ಕೊನೆಯಕ್ಷರವನ್ನು ಎಳೆದು ‘ಆಯಿತೂ...’ ಎಂದರೆ ಪುಸ್ತಕ ಹೊರಗೆ ಬಂದಿದೆ, ತೆರೆದಿಲ್ಲ. ‘ಆಯಿತಾಯಿತು’ ಎಂದು ಜೋಡಿಯಾಗಿ ಬಂದರೆ ನೀನು ಮೊದಲು ಇಲ್ಲಿಂದ ಹೋಗು ಎಂದರ್ಥ. ‘ಆಯಿತಪ್ಪಾ’ ಎಂದರೆ ದಿನಾಂಕ ಹಾಕಿ ಅಡಿಗೆರೆ ಎಳೆದಾಗಿದೆ. ನಿಜವಾಗಿ ಕೆಲಸ ಮುಗಿದ ದಿನ ಅವಳು ಏನೂ ಹೇಳುವುದಿಲ್ಲ. ಎದ್ದು ಆಡಲು ಹೋಗಿರುತ್ತಾಳೆ. ಈ ಐದನೆಯದನ್ನು, ಅಂದರೆ ಮೌನವನ್ನು, ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಇದರ ಒಡಹುಟ್ಟುಗಳೂ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತವೆ. ಕರೆದರೆ ‘ಬಂದೆ’ ಎನ್ನುತ್ತಾಳೆ. ಬಂದಿರುವುದಿಲ್ಲ. ‘ಇನ್ನು ಒಂದೇ ಇದೆ’ ಎನ್ನುತ್ತಾಳೆ. ಆ ಒಂದು ಯಾವುದು ಎಂದು ಕೇಳಬೇಕು. ಒಂದು ವಾಕ್ಯವೂ ಇರಬಹುದು, ಒಂದು ಅಧ್ಯಾಯವೂ ಇರಬಹುದು, ಒಮ್ಮೆಯಂತೂ ಒಂದು ಇಡೀ ವಿಷಯವೇ ಇತ್ತು.

ಇದನ್ನೆಲ್ಲ ನಾನು ಹೆಂಡತಿಯ ಎದುರು ಆವೇಶದಿಂದ ವಿವರಿಸುತ್ತಿದ್ದರೆ ಅವಳು ಕೈಯಲ್ಲಿದ್ದ ಪುಸ್ತಕದಿಂದ ಕಣ್ಣೆತ್ತದೆ, “ಬಚ್ಚಲಿನ ನಲ್ಲಿ ಸೋರುತ್ತಿದೆ, ರಿಪೇರಿ ಮಾಡಿಸಿ ಎಂದು ಹೇಳಿ ಮೂರು ತಿಂಗಳಾಯಿತು. ನೀವೂ ಆಯಿತು ಎಂದಿದ್ದಿರಿ” ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ನಾನು ಶಿಸ್ತಿಲ್ಲದ ಮನುಷ್ಯನೇನೂ ಅಲ್ಲ. ಈ ವರ್ಷ ಶಾಲೆ ಶುರುವಾದ ದಿನವೇ ಪಣ ತೊಟ್ಟಿದ್ದೆ. ಇಪ್ಪತ್ತೊಂದು ದಿನ ಒಂದು ಕೆಲಸವನ್ನು ಬಿಡದೆ ಮಾಡಿದರೆ ಅದು ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದನ್ನು ನಂಬಿದ್ದೆ. ಇಪ್ಪತ್ತೆರಡನೆಯ ದಿನ ಸಂಜೆ ಆರಕ್ಕೆ ಮಗಳು ತಾನಾಗಿ ಬಂದು ಮೇಜಿನ ಮುಂದೆ ಕೂರುತ್ತಾಳೆ ಎಂದು ಕಾದೆ. ಅವಳು ಸೋಫಾದ ಮೇಲೆ ತಲೆಕೆಳಗಾಗಿ ಮಲಗಿ ಫ್ಯಾನನ್ನು ನೋಡುತ್ತಿದ್ದಳು. ಆಮೇಲೆ ಹುಡುಕಿದರೆ, ಈ ಇಪ್ಪತ್ತೊಂದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ಮೂಗು ಸರಿಮಾಡಿಸಿಕೊಂಡ ರೋಗಿಗಳಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಸುಮಾರು ಇಪ್ಪತ್ತೊಂದು ದಿನವಾದರೂ ಬೇಕು ಎಂದು ಆತ 1960ರಲ್ಲಿ ಬರೆದಿದ್ದ. ಮೂಗಿನ ಲೆಕ್ಕವನ್ನು ತಂದು ನಾನು ಮಗ್ಗಿಗೆ ಹಚ್ಚಿದ್ದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ ಇರಬೇಕು.

ನಿಜವಾಗಿ ಎಣಿಸಿದವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕು. ಸರಾಸರಿ ಎಂಬ ಮಾತಿನ ಬಾಲ ಹಿಡಿದು ಮುಂದೆ ಓದಿದೆ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದು. ನನ್ನ ಮಗಳು ಯಾವ ತುದಿಯಲ್ಲಿದ್ದಾಳೆ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. 254 ದಿನ ಕಳೆಯುವಷ್ಟರಲ್ಲಿ ಶಾಲೆಯ ವರ್ಷವೇ ಮುಗಿದು, ರಜೆ ಬಂದು, ಕಷ್ಟಪಟ್ಟು ಕಟ್ಟಿದ್ದೆಲ್ಲ ಕುಸಿದುಬಿದ್ದಿರುತ್ತದೆ. ಅಲ್ಲದೆ ಆ 96 ಮಂದಿಯೂ ದೊಡ್ಡವರು. ಅಭ್ಯಾಸವನ್ನು ತಾವೇ ಆರಿಸಿಕೊಂಡವರು. ಊಟದ ಜೊತೆ ನೀರು ಕುಡಿಯುವುದು, ಊಟಕ್ಕೆ ಮುಂಚೆ ಓಡುವುದು, ಇಂಥವು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಅವರ ಕುರ್ಚಿಯ ಹಿಂದೆ ಯಾವ ಅಪ್ಪನೂ ನಿಂತಿರಲಿಲ್ಲ.

ಆದರೂ ಒಂದು ಮಾತನ್ನು ಒಪ್ಪಬೇಕು. ಅರವತ್ತಾರು ದಿನಗಳಲ್ಲಿ ನಮ್ಮ ಮನೆಯಲ್ಲಿ ಒಬ್ಬರಿಗೆ ಅಭ್ಯಾಸವಾಯಿತು. ಸಂಜೆ ಆರಾದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಮೇಜಿನ ಮುಂದೆ ಕೂರುವುದು. ದೀಪ ಹಾಕುವುದು, ಡೈರಿ ತೆರೆದು ನೋಡುವುದು. ಅದು ನಾನು.

ಅವಳು ಬರುವುದೇ ಇಲ್ಲವೆಂದಲ್ಲ. ಬರುತ್ತಾಳೆ. ಬಂದು ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾಳೆ. ನೀವು ಅದನ್ನು ಹತ್ತಿರದಿಂದ ನೋಡಬೇಕು. ಮೊನೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಾಳೆ. ಹೆರೆಯುವ ಡಬ್ಬಿಯೊಳಗೆ ತೂರಿಸಿ, ನಾಲಿಗೆಯ ತುದಿಯನ್ನು ಹೊರಚಾಚಿ, ಉಸಿರು ಬಿಗಿಹಿಡಿದು ತಿರುಗಿಸುತ್ತಾಳೆ. ಸಿಪ್ಪೆ ತುಂಡಾಗದೆ ಒಂದೇ ಸುರುಳಿಯಾಗಿ, ಅಂಚಿಗೆ ಬಣ್ಣದ ಗೆರೆ ಹೊತ್ತು ಬರಬೇಕು. ನಡುವೆ ತುಂಡಾದರೆ ಮತ್ತೆ ಮೊದಲಿನಿಂದ. ಸುರುಳಿ ಸಿದ್ಧವಾದ ಮೇಲೆ ಅದನ್ನು ಹೂವಿನಂತೆ ಅರಳಿಸಿ ಮೇಜಿನ ಮೂಲೆಯಲ್ಲಿಟ್ಟು, ಬೆರಳಿಗಂಟಿದ ಸೀಸದ ಪುಡಿಯನ್ನು ಊದಿ, ನೋಟ್‌ಬುಕ್ ತೆರೆದು, ಮೊದಲ ಅಕ್ಷರಕ್ಕೆ ಪೆನ್ಸಿಲ್ ಊರುತ್ತಾಳೆ. ಪಟ್ ಎಂದು ಮೊನೆ ಮುರಿಯುತ್ತದೆ. ಅವಳಿಗೆ ಬೇಸರವೇ ಆಗುವುದಿಲ್ಲ. ಇನ್ನೊಂದು ಹೂವು ಆಗುತ್ತದಲ್ಲ! ಈ ನಡುವೆ ರಬ್ಬರ್ ಮೇಜಿನ ಕೆಳಗೆ ಬಿದ್ದಿರುತ್ತದೆ. ಅದನ್ನು ಹುಡುಕಲು ಹೋದವಳು ಅಲ್ಲೇ ಐದು ನಿಮಿಷ ನೆಲೆಸುತ್ತಾಳೆ, ರಬ್ಬರ್ ಮಾತ್ರ ಸಿಗುವುದಿಲ್ಲ. ವರ್ಷಕ್ಕೆ ಎಷ್ಟು ರಬ್ಬರ್ ತರುತ್ತೇವೋ ಲೆಕ್ಕವಿಲ್ಲ, ಅಳಿಸಬೇಕೆನ್ನುವಾಗ ಒಂದೂ ಕಣ್ಣಿಗೆ ಬಿದ್ದದ್ದಿಲ್ಲ.

ತರಗತಿಗೆ ಹತ್ತು ನಿಮಿಷದಂತೆ ಮನೆಗೆಲಸ ಇರಬೇಕು ಎಂದು ಅಮೆರಿಕದಲ್ಲಿ ಒಂದು ಅಂದಾಜು ಬಳಕೆಯಲ್ಲಿದೆ. ಒಂದನೆಯ ತರಗತಿಗೆ ಹತ್ತು ನಿಮಿಷ, ಎರಡನೆಯದಕ್ಕೆ ಇಪ್ಪತ್ತು, ಹೀಗೆ. ನಮ್ಮ ಮನೆಗೆ ನಲವತ್ತು ಬಂತು. ಒಂದು ಸಂಜೆ ಗಡಿಯಾರ ಹಿಡಿದು ಕುಳಿತು ಬರೆದಿಟ್ಟೆ: ಪೆನ್ಸಿಲ್ 14 ನಿಮಿಷ, ಮೇಜಿನ ಕೆಳಗೆ 6, ನೀರು ಕುಡಿಯಲು ಮೂರು ಸಲ ಹೋಗಿಬರಲು 9, ಕುಡಿದ ನೀರಿನ ಪರಿಣಾಮಕ್ಕೆ 7, ‘ಅಪ್ಪಾ, ಇರುವೆಗೆ ಮೊಣಕಾಲು ಇರುತ್ತದಾ?’ ಎಂಬ ಚರ್ಚೆಗೆ 11 (ಇದರಲ್ಲಿ ನನ್ನ ತಪ್ಪೂ ಇದೆ, ನಾನೂ ಮೊಬೈಲಿನಲ್ಲಿ ಹುಡುಕುತ್ತಾ ಕುಳಿತೆ), ಬರವಣಿಗೆ 12. ಬರವಣಿಗೆಯ ಹನ್ನೆರಡೂ ನಾನು ದೂರವಾಣಿ ಬಂತೆಂದು ಎದ್ದು ಹೋಗಿದ್ದಾಗ ನಡೆದದ್ದು.

ಇದನ್ನು ಹೆಂಡತಿ ಮೊದಲೇ ಹೇಳಿದ್ದಳು. “ನೀವು ಪಕ್ಕದಲ್ಲಿ ಕುಳಿತರೆ ಅದು ನಿಮ್ಮ ಹೋಮ್‌ವರ್ಕ್ ಆಗುತ್ತದೆ. ಎದ್ದು ಬನ್ನಿ, ಅದು ಅವಳದಾಗುತ್ತದೆ.” ನಾನು ಆಯಿತು ಎಂದಿದ್ದೆ.

ಮತ್ತೆ ನಿನ್ನೆ ರಾತ್ರಿಗೆ ಬರುತ್ತೇನೆ. ಬಾಗಿಲಿಗೆ ಒರಗಿದ್ದವಳನ್ನು ಮೇಜಿಗೆ ಕೂರಿಸಿ, ಸಿಟ್ಟಿನಲ್ಲಿ ದೂರ ಹೋಗಿ ಮೊಬೈಲ್ ತೆರೆದೆ. ಈ ಹೋಮ್‌ವರ್ಕ್ ಎಂಬುದನ್ನು ಕಂಡುಹಿಡಿದ ಪುಣ್ಯಾತ್ಮ ಯಾರು ಎಂದು ಹುಡುಕಿದೆ. ಸಿಕ್ಕಿಯೇಬಿಟ್ಟ! ರಾಬರ್ಟೊ ನೆವಿಲಿಸ್, ವೆನಿಸ್ ನಗರದ ಶಿಕ್ಷಕ, 1905ರಲ್ಲಿ ಮಕ್ಕಳಿಗೆ ಶಿಕ್ಷೆಯೆಂದು ಶುರುಮಾಡಿದನಂತೆ. ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಅವನ ಮನೆಯ ರಬ್ಬರುಗಳೆಲ್ಲ ಕಳೆದುಹೋಗಲಿ, ಅವನ ಪೆನ್ಸಿಲಿನ ಮೊನೆ ನಿಲ್ಲದಿರಲಿ ಎಂದೆ. ಹೀಗೆ ಹತ್ತು ನಿಮಿಷ ಬೈದು ಹಗುರಾದ ಮೇಲೆ ಇನ್ನೊಂದು ಕಡೆ ಓದಿದರೆ, ಅಂಥ ಒಬ್ಬ ಮನುಷ್ಯ ಬದುಕಿದ್ದನೆಂಬುದಕ್ಕೆ ಆಧಾರವೇ ಇಲ್ಲ. ಯಾರೋ ಅಂತರಜಾಲದಲ್ಲಿ ಕಟ್ಟಿದ ಕಥೆ, ಒಬ್ಬರದನ್ನು ಇನ್ನೊಬ್ಬರು ನಕಲು ಹೊಡೆದು ಊರೆಲ್ಲ ಹಬ್ಬಿಸಿದ್ದಾರೆ. ನಕಲು ಹೊಡೆಯುವುದನ್ನು ಎಲ್ಲಿ ಕಲಿತರು ಎಂದು ಬೇರೆ ಹೇಳಬೇಕೆ? ಕ್ಯಾಲಿಫೋರ್ನಿಯಾದಲ್ಲಂತೂ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿ ಓದುವ ಕೆಲಸ ಕಡ್ಡಾಯ ಮಾಡಬಾರದೆಂದು 1901ರಲ್ಲೇ ಕಾನೂನು ಬಂದಿತ್ತು. ನೆವಿಲಿಸ್ ‘ಕಂಡುಹಿಡಿಯುವ’ ನಾಲ್ಕು ವರ್ಷ ಮೊದಲೇ ನಿಷೇಧ! ಫ್ರಾನ್ಸಿನವರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಮನೆಗೆಲಸ ಕೊಡಬಾರದೆಂದು 1956ರಲ್ಲಿ ಆದೇಶ ಹೊರಡಿಸಿದರು. ಅಲ್ಲಿಯೂ ಅದು ಪೂರ್ತಿ ನಿಂತಿಲ್ಲವಂತೆ. ಆದೇಶ ಬಂದಾಗ ಶಿಕ್ಷಕರು ಫ್ರೆಂಚಿನಲ್ಲಿ ‘ಆಯಿತು’ ಎಂದಿರಬೇಕು.

ಬೈಯಲೂ ಒಬ್ಬ ಮನುಷ್ಯ ಉಳಿಯದೆ ಸಪ್ಪೆ ಮುಖದಲ್ಲಿ ಮೇಜಿನ ಬಳಿ ಹೋದರೆ ಏಳು ಲೆಕ್ಕ ಮುಗಿದಿದ್ದವು. ಸಂಜೆ ಆರರಿಂದ ಆಗದ್ದು ಇಪ್ಪತ್ತೇ ನಿಮಿಷದಲ್ಲಿ ಆಗಿತ್ತು. ಅಲ್ಲಿಗೆ ನಾನು ಹಿಂದಿರುಗಬೇಕಿತ್ತು. ಬುದ್ಧಿ ಎಲ್ಲಿತ್ತೋ, “ಎಂಟನೆಯದು ಬರುತ್ತಿಲ್ಲವಾ? ಕೊಡು ಇಲ್ಲಿ” ಎಂದು ಕುರ್ಚಿ ಎಳೆದುಕೊಂಡೆ.

4003ರಲ್ಲಿ 1768 ಕಳೆಯಬೇಕು. ನಮ್ಮ ಕಾಲದಲ್ಲಿ ಇದಕ್ಕೆ ‘ಕಡ ತೆಗೆದುಕೊಳ್ಳುವುದು’ ಎನ್ನುತ್ತಿದ್ದರು. ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಗೆ ಕಡ ಕೇಳಲು ಹೋಗು. ಅಲ್ಲಿ ಸೊನ್ನೆ. ಅದರಾಚೆಯ ಮನೆಯಲ್ಲೂ ಸೊನ್ನೆ. ಬೀದಿಯ ಕೊನೆಯಲ್ಲಿ ನಾಲ್ಕು ಎಂಬ ಸಿರಿವಂತನೊಬ್ಬನಿದ್ದಾನೆ, ಅವನು ಕೊಟ್ಟದ್ದು ಕೈಯಿಂದ ಕೈಗೆ ಸವೆಯುತ್ತಾ ನಮ್ಮ ಮೂರಕ್ಕೆ ತಲುಪಬೇಕು. ತೆಗೆದುಕೊಂಡ ಕಡವನ್ನು ಯಾರೂ ಯಾವತ್ತೂ ಹಿಂದಿರುಗಿಸಿದ್ದಿಲ್ಲ. ಅದೇ ಆ ವಿಧಾನದ ಸೊಗಸು. 2235 ಎಂದು ಗತ್ತಿನಿಂದ ಬರೆದು ತೋರಿಸಿದೆ.

“ಉತ್ತರ ನನಗೂ ಗೊತ್ತು ಅಪ್ಪಾ, ಹಿಂದಿನ ಪುಟದಲ್ಲೇ ಕೊಟ್ಟಿದ್ದಾರೆ. ಮಿಸ್ ಹೇಳಿದ ಹಾಗೆ ಮಾಡಬೇಕು. ಸಂಖ್ಯಾರೇಖೆಯ ಮೇಲೆ ನೆಗೆಯುತ್ತಾ.”

ನೆಗೆಯುವುದಂತೆ! ಒಂದು ಗೆರೆ ಎಳೆದು, ಈ ಕಡೆ 1768, ಆ ಕಡೆ 4003. ಈ ದಡದಿಂದ ಆ ದಡಕ್ಕೆ ಕಲ್ಲಿನಿಂದ ಕಲ್ಲಿಗೆ ಹಾರಬೇಕು, ಹಾರಿದ ದೂರವನ್ನೆಲ್ಲ ಕೂಡಬೇಕು. ನಾನು ಹಾರಿದೆ. 1768ರಿಂದ 1770ಕ್ಕೆ ಎರಡು. ಅಲ್ಲಿಂದ 1800ಕ್ಕೆ ಮೂವತ್ತು. ಅಲ್ಲಿಂದ 2000ಕ್ಕೆ ಇನ್ನೂರು. ಅಲ್ಲಿಂದ ಒಂದೇ ನೆಗೆತಕ್ಕೆ 4000, ಹನುಮಂತನ ಹಾಗೆ. ಕೂಡಿದರೆ 2232. ಮತ್ತೆ ನೆಗೆದೆ. ಮತ್ತೆ 2232. ಮೂರನೆಯ ಸಲ, ಈ ವಿಧಾನವೇ ತಪ್ಪು, ಈಗಿನ ಪಠ್ಯಪುಸ್ತಕಗಳೇ ಹೀಗೆ ಎಂದು ನೆಲವನ್ನು ಡೊಂಕು ಮಾಡಲು ಹೊರಟೆ. ಮಗಳು ಗಲ್ಲಕ್ಕೆ ಕೈಯೂರಿ ನನ್ನನ್ನೇ ನೋಡುತ್ತಿದ್ದಳು. ನಡುವೆ ಒಮ್ಮೆ ಮೃದುವಾಗಿ, “ಪರವಾಗಿಲ್ಲ ಅಪ್ಪಾ, ನೀರು ಕುಡಿದು ಬರುತ್ತೀಯಾ?” ಎಂದು ಕೇಳಿದಳು.

ಹತ್ತೂವರೆ ದಾಟಿತ್ತು. “ಎಂಟನೆಯದನ್ನು ಖಾಲಿ ಬಿಡು. ಬೆಳಿಗ್ಗೆ ನೋಡೋಣ. ಚೀಲ ತುಂಬಿಸಿಟ್ಟು ಮಲಗು” ಎಂದೆ.

“ಆಯಿತು” ಎಂದಳು.

ಮಲಗಿದರೆ ನಿದ್ರೆ ಹತ್ತಲಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಯಾಕೋ ಅಮ್ಮನ ನೆನಪಾಯಿತು.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೂ ದಿನವೂ ಮಲಗುವ ಮುಂಚೆ ‘ಬರೆದು ಆಯಿತಾ?’ ಎಂದು ಕೇಳುತ್ತಿದ್ದಳು. ನಾನೂ ಆಯಿತು ಎನ್ನುತ್ತಿದ್ದೆ. ಅವಳು ವಾದಕ್ಕೆ ನಿಲ್ಲುತ್ತಿರಲಿಲ್ಲ. ‘ಎಲ್ಲಿ, ಕೊಡು’ ಎಂದು ಪುಸ್ತಕ ಇಸಿದುಕೊಂಡು, ಬರೆದ ಹಾಳೆಯನ್ನು ತಿರುವಿ, ಅದರ ಹಿಂಬದಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯುತ್ತಿದ್ದಳು. ಒತ್ತಿ ಬರೆದ ಅಕ್ಷರಗಳು ಹಿಂದೆ ಉಬ್ಬಿ ನಿಂತಿರುತ್ತವಲ್ಲ, ಅವು ಬೆರಳಿಗೆ ತಾಗಬೇಕು. ಎಲ್ಲಿಯವರೆಗೆ ತರಿತರಿಯಾಗಿದೆ, ಎಲ್ಲಿಂದ ನುಣುಪು ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ‘ಅರ್ಧಕ್ಕೇ ನಿಂತಿದೆಯಲ್ಲೋ’ ಎಂದು ಹಿಂದಕ್ಕೆ ಕೊಡುತ್ತಿದ್ದಳು. ಪಕ್ಕದಲ್ಲಿ ಕೂರುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ತನ್ನ ಕೆಲಸ ಮಾಡುತ್ತಾ ಅಲ್ಲೇ ಎಲ್ಲೋ ಓಡಾಡಿಕೊಂಡಿರುತ್ತಿದ್ದಳು, ಅಷ್ಟೇ. ಅವಳಿಗೆ ಮೋಸ ಮಾಡಲೆಂದು ನಾನೊಮ್ಮೆ ಮೊನೆಯಿಲ್ಲದ ಕಡ್ಡಿಯಿಂದ ಹಾಳೆಯ ತುಂಬ ಗೀಚಿ ಉಬ್ಬಿಸಿಟ್ಟಿದ್ದೆ. ಅದಕ್ಕೆ ಹಿಡಿದ ಹೊತ್ತಿನಲ್ಲಿ ಪಾಠವನ್ನೇ ಎರಡು ಸಲ ಬರೆಯಬಹುದಿತ್ತು. ಅಂದು ಅವಳು ಬೆರಳೆಳೆದು, ‘ಬರೆದಿದ್ದೀಯ’ ಎಂದು ತಲೆ ಸವರಿದಳು. ನಿಜಕ್ಕೂ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದಳೋ. ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಕೇಳುವ ಹಾಗಿಲ್ಲ.

ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಒಂದು, ಎರಡು, ಮೂರು. ಮೂರು! 4000ದಿಂದ 4003ಕ್ಕೆ ಇನ್ನೂ ಮೂರು ಉಳಿದಿತ್ತಲ್ಲ! ಸಮುದ್ರವನ್ನೆಲ್ಲ ಹಾರಿ ದಡದ ಮೂರು ಹೆಜ್ಜೆಯನ್ನು ನಡೆಯದೆ ಬಿಟ್ಟಿದ್ದೆ. 2232ಕ್ಕೆ ಮೂರು ಕೂಡಿದರೆ 2235. ಮಿಸ್ ಸರಿ, ಪಠ್ಯಪುಸ್ತಕ ಸರಿ, ನೆಲ ಎಂದಿನಂತೆ ಮಟ್ಟಸವಾಗಿಯೇ ಇದೆ.

ಎದ್ದು ಹೋಗಿ, ಸದ್ದಾಗದಂತೆ ಅವಳ ಚೀಲದಿಂದ ಗಣಿತದ ಪುಸ್ತಕವನ್ನು ಈಚೆಗೆಳೆದೆ. ದೀಪ ಹಾಕಿದರೆ ಅವಳು ಎದ್ದಾಳೆಂದು ಕತ್ತಲಲ್ಲೇ ಹಾಳೆಯನ್ನು ತಿರುವಿ ಹಿಂಬದಿಯ ಮೇಲೆ ಹೆಬ್ಬೆರಳನ್ನು ಎಳೆದೆ. ಒಂದರಿಂದ ಏಳರವರೆಗೆ ತರಿತರಿ. ಎಂಟನೆಯದರ ಜಾಗ ನುಣುಪಾಗಿರಬೇಕಿತ್ತು. ಅಲ್ಲಿಯೂ ತರಿತರಿ, ಉಳಿದೆಲ್ಲಕ್ಕಿಂತ ಒತ್ತಿ ಬರೆದದ್ದು. ನಾನು ಮಲಗಲು ಹೋದ ಮೇಲೆ ತಾನೇ ಕುಳಿತು ಮಾಡಿ ಮುಗಿಸಿದ್ದಾಳೆ! ಹೇಳದೇ ಮಾಡಿದ್ದಾಳೆ, ಆ ಐದನೆಯ ಅರ್ಥದಲ್ಲಿ! ನನಗೆ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಪುಸ್ತಕ ಹಿಡಿದು ಹೊರಗೆ ಬಂದು ಮೊಬೈಲಿನ ಬೆಳಕು ಬಿಟ್ಟೆ.

8 ಎಂದು ಹಾಕಿ, ಅದರ ಮುಂದೆ, ಸೂಜಿಯಂತೆ ಚೂಪಾದ ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ‘ಮಿಸ್, ಇದು ನನಗೆ ಬರಲಿಲ್ಲ. ಅಪ್ಪನಿಗೂ ಬರಲಿಲ್ಲ.’

ಎರಡನೆಯ ವಾಕ್ಯವನ್ನಾದರೂ ಅಳಿಸೋಣವೆಂದು ಮೇಜಿನ ಮೇಲೆಲ್ಲ ತಡಕಿದೆ. ಡಬ್ಬಿಯಲ್ಲಿ ನೋಡಿದೆ. ಮೇಜಿನ ಕೆಳಗೂ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಕುಳಿತಿದ್ದೆ. ರಬ್ಬರ್ ಸಿಗಲಿಲ್ಲ.